ಗಾಜಿಗೆ ಅತಿ ಗಟ್ಟಿ ಜೋಡಣೆ ಬೇಡ

ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳನ್ನು ನೋಡಿದವರಿಗೆ ಒಂದು ಸಂಶಯ ಬಂದೇ ಬರುತ್ತದೆ. "ಇಷ್ಟು ದೊಡ್ಡ ಗಾಜು ಬರೀ ಅಂಟಿನ ಮೇಲೆ ನಿಂತಿದೆಯಾ? ನಾಲ್ಕು ಬೋಲ್ಟ್ ಹಾಕಬಾರದಿತ್ತಾ?" ಹೌದು, ಎಷ್ಟೋ ಕಟ್ಟಡಗಳಲ್ಲಿ ಗಾಜನ್ನು ಹಿಡಿದಿರುವುದು ಅಂಟೇ. ಆ ಅಂಟು ಕೂಡ ರಬ್ಬರಿನಷ್ಟು ಮೆತ್ತಗೆ! ಗಾಜು ಉಳಿಯುವುದು ಈ ಮೆತ್ತಗಿನ ಗುಣದಿಂದಲೇ.

ಮೊದಲು ಬೋಲ್ಟಿನ ವಿಷಯ ಮುಗಿಸಿಬಿಡೋಣ. ಎಳೆತಕ್ಕೆ ಸಿಕ್ಕ ಹಲಗೆಯಲ್ಲಿ ಒಂದು ದುಂಡನೆ ತೂತು ಇದ್ದರೆ, ಅದರ ಅಂಚಿನಲ್ಲಿ ಒತ್ತಡ ಸುಮಾರು ಮೂರು ಪಟ್ಟಾಗುತ್ತದೆ. ಉಕ್ಕಿಗೆ ಇದು ದೊಡ್ಡ ಸಂಗತಿಯಲ್ಲ. ಅದು ಅಲ್ಲಿ ಚೂರು ಹಿಗ್ಗಿ ಭಾರವನ್ನು ಅಕ್ಕಪಕ್ಕಕ್ಕೆ ದಾಟಿಸುತ್ತದೆ. ಗಾಜಿಗೆ ಹಾಗೆ ಹಿಗ್ಗಿ ಹೊಂದಿಕೊಳ್ಳುವ ಗುಣವೇ ಇಲ್ಲ. ಸಾಲದ್ದಕ್ಕೆ ತೂತು ಕೊರೆದ ಕಡೆ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಮಾನಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಗ್ರಿಫಿತ್ 1920ರ ಹೊತ್ತಿಗೆ ತೋರಿಸಿಕೊಟ್ಟಿದ್ದು ಇದನ್ನೇ. ಆಗತಾನೆ ಎಳೆದ ತೆಳು ಗಾಜಿನ ಎಳೆ ಮಾಮೂಲಿ ಗಾಜಿಗಿಂತ ಹತ್ತಾರು ಪಟ್ಟು ಗಟ್ಟಿ. ಅಂದರೆ ಗಾಜಿನ ಬಲ ತಿನ್ನುವುದು ಮೇಲ್ಮೈಯ ಬಿರುಕುಗಳು. ಗ್ಲಾಸ್ ಅಂಗಡಿಯವರಿಗೆ ಇದು ಕೈಯಲ್ಲೇ ಗೊತ್ತು. ಕಟರಿನಿಂದ ಒಂದು ಗೀರು ಎಳೆಯುತ್ತಾರೆ, ಮೇಜಿನ ಅಂಚಿಗಿಟ್ಟು ಒತ್ತುತ್ತಾರೆ, ಟಕ್ಕಂತ ಎರಡಾಗುತ್ತದೆ. ಆದ್ದರಿಂದಲೇ ಬೋಲ್ಟ್ ಹಾಕುವ ಗಾಜು ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು ಆಗಿರಬೇಕು. ಹಾಗೆ ಗಟ್ಟಿ ಮಾಡುವ ಮೊದಲೇ ತೂತು ಕೊರೆದಿರಬೇಕು. ಬೋಲ್ಟಿಗೂ ಗಾಜಿಗೂ ನಡುವೆ ನೈಲಾನಿನಂಥ ಮೆತ್ತನೆಯ ಬುಷ್ (ಬಳೆಯಂಥ ತುಂಡು) ಇರಬೇಕು.

ಇನ್ನು ಅಂಟು. ಗಾಜು ಮತ್ತು ಅಲ್ಯೂಮಿನಿಯಂ ಜೊತೆಗೂಡಿದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಕತೆ. ಬಿಸಿಗೆ ಅಲ್ಯೂಮಿನಿಯಂ ಗಾಜಿನ ಎರಡೂವರೆ ಪಟ್ಟು ಹಿಗ್ಗುತ್ತದೆ. 3 ಮೀಟರ್ ಉದ್ದದ ಗಾಜನ್ನು ತಗೊಳ್ಳಿ. ಚೌಕಟ್ಟೂ ಗಾಜೂ 40 ಡಿಗ್ರಿ ಬಿಸಿಯೇರಿದರೆ ಎರಡರ ಉದ್ದದಲ್ಲಿ ಸುಮಾರು 1.7 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಎರಡೂ ತುದಿಗೆ ಹಂಚಿದರೆ ಒಂದೊಂದು ಕಡೆ 0.8 ಮಿಲಿಮೀಟರಿಗಿಂತ ತುಸು ಜಾಸ್ತಿ. ಇಷ್ಟೇನಾ ಅಂತೀರಾ? ಕಾಗದದಷ್ಟು ತೆಳ್ಳಗೆ, 0.2 ಮಿಲಿಮೀಟರ್ ದಪ್ಪಕ್ಕೆ ಎಪಾಕ್ಸಿ ಎಂಬ ಗಟ್ಟಿ ಅಂಟು ಬಳಿದಿದ್ದರೆ, ಅದು ತನ್ನ ದಪ್ಪದ ನಾಲ್ಕು ಪಟ್ಟು ಪಕ್ಕಕ್ಕೆ ಜರುಗಬೇಕು. ಎಪಾಕ್ಸಿ ಒಪ್ಪುವುದಿಲ್ಲ. ಅದು ಜಗ್ಗಿದ ಬಲವೆಲ್ಲ ಗಾಜಿನ ಅಂಚಿಗೇ ಹೋಗುತ್ತದೆ. ಮೊದಲು ಹೇಳಿದ ರಬ್ಬರಿನಂಥ ಅಂಟು, ಅಂದರೆ ಸಿಲಿಕೋನ್, 6 ಮಿಲಿಮೀಟರ್ ದಪ್ಪದ ಪಟ್ಟಿಯಾಗಿದ್ದರೆ ಸುಮ್ನೆ ಸ್ವಲ್ಪ ವಾಲಿ, ಸಂಜೆ ತಂಪಾದಾಗ ವಾಪಸ್ ಬರುತ್ತದೆ.

ಸಿಲಿಕೋನಿನ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕದ ಸರಪಳಿ. ಗಾಜಿನದ್ದೂ ಅದೇ ಜೋಡಿ. ಹಾಗಾಗಿ ಇವೆರಡು ಚೆನ್ನಾಗಿ ಬೆಸೆದುಕೊಳ್ಳುತ್ತವೆ. ಬಿಸಿಲು ಗಾಜಿನೊಳಗಿಂದ ಹಾದು ನೇರ ಅಂಟಿನ ಮೇಲೇ ಬಿದ್ದರೂ ಆ ಸರಪಳಿ ಸುಲಭಕ್ಕೆ ಕಡಿಯುವುದಿಲ್ಲ. ನಾಲ್ಕೂ ಬದಿ ಬರೀ ಸಿಲಿಕೋನಿನಿಂದ ಗಾಜು ನಿಲ್ಲಿಸಿದ ಮೊದಲ ಕಟ್ಟಡ 1971ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಎದ್ದಿತು.

ಲೆಕ್ಕ ಹಾಕುವಾಗ ಎಂಜಿನಿಯರುಗಳು ಅಂಟಿನ ಮೇಲೆ ಹೊರಿಸುವುದು ಚದರ ಇಂಚಿಗೆ 20 ಪೌಂಡ್ ಮಾತ್ರ. ಅಂಟು ಕಿತ್ತುಬರಲು ಇದರ ಐದಾರು ಪಟ್ಟು ಬಲವಾದರೂ ಬೇಕು. ಒಂದೂವರೆ ಮೀಟರ್ ಅಗಲ, 3 ಮೀಟರ್ ಎತ್ತರದ ಗಾಜನ್ನು ಗಾಳಿ ಚದರ ಮೀಟರಿಗೆ 150 ಕಿಲೋದಂತೆ ಹೊರಕ್ಕೆ ಹೀರಿದರೆ ಒಟ್ಟು 675 ಕಿಲೋ ಆಯಿತು. ಅದನ್ನು ತಡೆಯಲು 8 ಮಿಲಿಮೀಟರ್ ಅಗಲದ ಅಂಟಿನ ಪಟ್ಟಿ ಸಾಕು. ಗಾಜಿನ ಸ್ವಂತ ಭಾರಕ್ಕೆ ಮಾತ್ರ ಸಾಮಾನ್ಯವಾಗಿ ಕೆಳಗೊಂದು ಆಸರೆ ಕೊಡುತ್ತಾರೆ.

ಕೆಲಸ ಕೆಡುವುದು ಬೇರೆ ಕಡೆ. ಅಂಟಿಸುವ ಜಾಗವನ್ನು ಎರಡು ಬಟ್ಟೆಯಲ್ಲಿ ಒರೆಸಬೇಕು. ಒಂದರಲ್ಲಿ ಜಿಡ್ಡು ಕರಗಿಸುವ ಸಾಲ್ವೆಂಟ್, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆ. ಒಂದೇ ಬಟ್ಟೆಯಲ್ಲಿ ಒರೆಸಿ ಬಿಟ್ಟರೆ ಕರಗಿದ ಜಿಡ್ಡು ಮತ್ತೆ ಅಲ್ಲೇ ಕೂರುತ್ತದೆ. ವಿನೆಗರ್ ವಾಸನೆಯ ಬಾತ್‌ರೂಮ್ ಸಿಲಿಕೋನಿನಿಂದ ಮುಂಭಾಗದ ಗಾಜು ಅಂಟಿಸುತ್ತೇನೆ ಅನ್ನುವವರಿದ್ದರೆ ಅಲ್ಲಿಂದಲೇ ಕೈಮುಗಿದು ಕಳಿಸಿ.

ಗಟ್ಟಿ ಜೋಡಣೆಯ ಮೋಹ ಎಷ್ಟು ದುಬಾರಿ ಅನ್ನುವುದಕ್ಕೆ ಬಾಸ್ಟನ್ನಿನ ಜಾನ್ ಹ್ಯಾನ್‌ಕಾಕ್ ಟವರ್ ಎಂದು ಹೆಸರಾಗಿದ್ದ ಕಟ್ಟಡ ಇದೆ. 60 ಅಂತಸ್ತು, 10,344 ಕಿಟಕಿ, ಒಂದೊಂದೂ ಸುಮಾರು 225 ಕಿಲೋ. 1973ರ ಜನವರಿಯ ಒಂದು ಬಿರುಗಾಳಿಗೆ ಗಾಜುಗಳು ಒಡೆದು ಬೀದಿಗೆ ಬಿದ್ದವು. ಒಡೆದ ಜಾಗಕ್ಕೆ ಪ್ಲೈವುಡ್ ಹೊಡೆದರು. ಗಾಳಿ ಜೋರಾದರೆ ಪೊಲೀಸರು ಕೆಳಗಿನ ರಸ್ತೆ ಮುಚ್ಚುತ್ತಿದ್ದರು. ಕಟ್ಟಡ ತೂಗುತ್ತದೆ, ಪಾಯ ಕುಸಿದಿದೆ ಅಂತ ಊರೆಲ್ಲ ಮಾತು. ಕಾರಣ ಅದಲ್ಲ. ಅದು ಜೋಡಿ ಗಾಜಿನ ಕಿಟಕಿ. ಎರಡು ಗಾಜಿನ ನಡುವೆ ಅಂಚಿನಲ್ಲಿ ಸೀಸದ ಪಟ್ಟಿಯನ್ನು ಬೆಸುಗೆ ಹಾಕಿದ್ದರು. ಗಾಳಿಗೆ, ಬಿಸಿಲಿಗೆ ಗಾಜು ದಿನಾ ಅಲುಗುತ್ತದೆ. ಬೆಸುಗೆ ಮಿಸುಕಲಿಲ್ಲ. ದಣಿದು ಬಿರುಕುಬಿಟ್ಟಾಗಲೂ ಗಾಜನ್ನು ಬಿಡಲಿಲ್ಲ. ಅಂಚಿನಿಂದ ಗಾಜಿನ ಸಣ್ಣ ಚಕ್ಕೆಗಳನ್ನೇ ಕಿತ್ತುಕೊಂಡಿತು. ಆಮೇಲೆ ಗ್ರಿಫಿತ್ ಹೇಳಿದಂತೆಯೇ ಆಯಿತು. ಕೊನೆಗೆ ಎಲ್ಲ ಕಿಟಕಿಗಳನ್ನೂ ಕಿತ್ತು ಒಂಟಿ ಟಫನ್ಡ್ ಗಾಜು ಹಾಕಿದರು. ಬೆಸುಗೆ ಸ್ವಲ್ಪ ಕಮ್ಮಿ ಗಟ್ಟಿಯಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ!

ಬೋಲ್ಟನ್ನೂ ಮೆತ್ತಗೆ ಮಾಡಬಹುದು ಅಂತ ತೋರಿಸಿದವನು ಐರ್ಲೆಂಡಿನ ಎಂಜಿನಿಯರ್ ಪೀಟರ್ ರೈಸ್. ಸಿಡ್ನಿ ಒಪೆರಾ ಹೌಸ್‌ನಲ್ಲಿ ಪಳಗಿದವನು. 1986ರಲ್ಲಿ ಪ್ಯಾರಿಸ್ಸಿನಲ್ಲಿ ವಿಜ್ಞಾನ ನಗರಿ ಎಂಬ ದೊಡ್ಡ ವಿಜ್ಞಾನ ಸಂಗ್ರಹಾಲಯ ತೆರೆಯಿತು. ರೈಸ್‌ನ ತಂಡ ರೂಪಿಸಿದ ಅದರ ಗಾಜಿನ ಗೋಡೆಗಳಲ್ಲಿ ಬೋಲ್ಟಿನ ತಲೆಯೊಳಗೆ ಒಂದು ಗುಂಡು ಕೀಲಿದೆ. ಅದು ಕೂರುವುದು ಗಾಜಿನ ದಪ್ಪದ ಒಳಗೇ. ಗಾಳಿಗೆ ಗಾಜು ಬಾಗಿದರೆ ಕೀಲು ತಿರುಗುತ್ತದೆ, ತೂತಿನ ಅಂಚನ್ನು ತಿರುಚುವುದಿಲ್ಲ.

ನಮ್ಮ ಮನೆಗಳ ಶವರ್ ಬಾಗಿಲಿಗೂ ಇದೇ ನಿಯಮ. ರಾತ್ರಿ ಯಾರೂ ಮುಟ್ಟದೆ ಢಬ್ ಅಂತ ಪುಡಿಯಾಯಿತು, ದೃಷ್ಟಿ ತಾಗಿದೆ ಅಂತ ಕುಂಬಳಕಾಯಿ ಒಡೆಯುವವರಿದ್ದಾರೆ. ಟಫನ್ಡ್ ಗಾಜಿನ ಮೇಲ್ಪದರ ಒತ್ತಿ ಹಿಡಿದಿರುತ್ತದೆ, ಒಳಗು ಸದಾ ಎಳೆತದಲ್ಲಿರುತ್ತದೆ. ಬಿರುಕು ಆ ಒಳಗನ್ನು ಮುಟ್ಟಿತೋ, ಇಡೀ ಗಾಜು ಕಾಳುಕಾಳು. ಕೆಲವೊಮ್ಮೆ ಗಾಜಿನೊಳಗೆ ಉಳಿದ ನಿಕಲ್ ಸಲ್ಫೈಡಿನ ಕಣ ನಿಧಾನಕ್ಕೆ ಹಿಗ್ಗಿ ಈ ಕೆಲಸ ಮಾಡುತ್ತದೆ. ಇನ್ನು ಕೆಲವು ಸಲ ಹಿಂಜಿನ ಲೋಹ ನೇರವಾಗಿ ಗಾಜಿನ ಅಂಚಿಗೆ ತಾಗುತ್ತಿರುತ್ತದೆ. ಹೊಸ ಬಾಗಿಲು ಕೂರಿಸಲು ಬಂದವರು ಸ್ಕ್ರೂ ಬಿಗಿಯುವ ಮುಂಚೆ ಹಿಂಜಿನ ಎರಡೂ ಬದಿಗೆ ರಬ್ಬರ್ ಗ್ಯಾಸ್ಕೆಟ್ ಇಟ್ಟಿದ್ದಾರಾ ನೋಡಿಕೊಳ್ಳಿ.