ಬದಲಿ ಪ್ರಭೇದ: ಅಳಿದ ಆಮೆಯ ಕೆಲಸಕ್ಕೆ ಬೇರೆ ಆಮೆ

ಒಂದು ಜೀವಿ ಪೂರ್ತಿ ಅಳಿದುಹೋಯಿತು ಅಂದುಕೊಳ್ಳಿ. ಅದು ಕಾಡಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಮಾಡಬಲ್ಲ ಇನ್ನೊಂದು ಜೀವಿಯನ್ನು ಬೇರೆ ಕಡೆಯಿಂದ ತಂದು ಅಲ್ಲಿ ಬಿಡುತ್ತಾರೆ. ಹೀಗೆ ಬಂದದ್ದೇ ಬದಲಿ ಪ್ರಭೇದ. ಮೇಷ್ಟ್ರು ರಜೆ ಹಾಕಿದಾಗ ಬದಲಿ ಮೇಷ್ಟ್ರು ಬರ್ತಾರಲ್ಲ, ಹಾಗೆ. ಇಲ್ಲಿ ಹಳೆ ಮೇಷ್ಟ್ರು ಮಾತ್ರ ಇನ್ನೆಂದೂ ವಾಪಸ್ ಬರೋದಿಲ್ಲ.

ಇದನ್ನು ಧೈರ್ಯವಾಗಿ ಮಾಡಿ ನೋಡಿದ ಜಾಗ ಮಾರಿಷಸ್. ಆ ದ್ವೀಪದ ಹೆಸರೆತ್ತಿದರೆ ಎಲ್ಲರೂ ಅಳಿದುಹೋದ ಡೋಡೊ ಹಕ್ಕಿಗೆ ಮರುಗುತ್ತಾರೆ, ಆಮೆಗಳನ್ನು ಕೇಳೋರೇ ಇಲ್ಲ. ಬಾವಲಿ ಬಿಟ್ಟರೆ ಅಲ್ಲಿನ ನೆಲಕ್ಕೆ ಸ್ವಂತದ ಸಸ್ತನಿಯೇ ಇರಲಿಲ್ಲ. ಹುಲ್ಲು ಮೇಯುವುದು, ಉದುರಿದ ಹಣ್ಣು ತಿಂದು ಬೀಜ ಹರಡುವುದು, ನಮ್ಮಲ್ಲಿ ಜಿಂಕೆ, ಆನೆ ಮಾಡುವ ಇಂಥ ಕೆಲಸಗಳಲ್ಲಿ ದೊಡ್ಡ ಪಾಲು ಎರಡು ಜಾತಿಯ ದೈತ್ಯ ಆಮೆಗಳದ್ದಾಗಿತ್ತು. 1638ರಲ್ಲಿ ಡಚ್ಚರು ಬಂದು ನೆಲೆಸಿದರು. ಊಟ, ನೀರು ಇಲ್ಲದೆಯೂ ತಿಂಗಳುಗಟ್ಟಲೆ ಬದುಕುವ ಆಮೆ ನಾವಿಕರಿಗೆ ಕೆಡದ ಮಾಂಸವಾಯಿತು. ಮೊಟ್ಟೆ, ಮರಿಗಳನ್ನು ಹಂದಿ, ಇಲಿಗಳು ಮುಗಿಸಿದವು. ಎರಡೂ ಜಾತಿ ನಿರ್ನಾಮವಾದವು.

ಮಾಹೆಬೂರ್ ಊರಿನ ಎದುರು ಕಡಲಲ್ಲಿ ಈಲ್ ಓಝೆಗ್ರೆಟ್ ಎಂಬ ಸುಮಾರು 26 ಹೆಕ್ಟೇರಿನ ಪುಟ್ಟ ದ್ವೀಪವಿದೆ. ಅಲ್ಲಿ ಒಂದು ಜಾತಿಯ ಎಬೊನಿ ಮರ ಬೆಳೆಯುತ್ತದೆ. ನಮ್ಮ ಬೀಡಿ ಎಲೆಯ ಮರವೂ ಇದೇ ಕುಲದ್ದು. ಸೌದೆಗೆಂದು ಕಡಿದು ಕಡಿದು ದ್ವೀಪದ ಎಷ್ಟೋ ಭಾಗದಲ್ಲಿ ಎಬೊನಿಯೇ ಇಲ್ಲವಾಗಿತ್ತು. ಉಳಿದ ಮರಗಳು ಹಣ್ಣು ಬಿಡುತ್ತಿದ್ದವು, ಆದರೆ ಅಷ್ಟು ದಪ್ಪ ಹಣ್ಣು ನುಂಗಿ ಬೀಜವನ್ನು ದೂರ ಸಾಗಿಸುವವರು ಯಾರೂ ಇರಲಿಲ್ಲ.

2000ರಲ್ಲಿ ಸೇಶೆಲ್ಸ್‌ನ ಅಲ್ಡಾಬ್ರ ಮೂಲದ ದೈತ್ಯ ಆಮೆಗಳನ್ನು ಅಲ್ಲಿಗೆ ತಂದರು. ಮೊದಲು ಬೇಲಿಯೊಳಗೆ ಇಟ್ಟು ನೋಡಿ, ಆಮೇಲೆ ಸುತ್ತಾಡಲು ಬಿಟ್ಟರು. ಆಮೆಗಳು ಎಬೊನಿ ಹಣ್ಣನ್ನು ತಿಂದು, ನಿಧಾನಕ್ಕೆ ನಡೆದುಹೋಗಿ, ಎಲ್ಲೋ ಹಿಕ್ಕೆ ಹಾಕಿದವು. ತಾಯಿಮರವಿಲ್ಲದ ಕಡೆಯೂ ಸಸಿಗಳು ಎದ್ದವು! ಆಮೆಯ ಹೊಟ್ಟೆ ಹಾದು ಬಂದ ಬೀಜ ಹೆಚ್ಚು ಚೆನ್ನಾಗಿ ಮೊಳೆಯುತ್ತದೆ ಎಂದು 2011ರಲ್ಲಿ ಸಂಶೋಧಕರು ವರದಿ ಮಾಡಿದರು. ಅಂದಹಾಗೆ, ಈ ಅಲ್ಡಾಬ್ರ ಆಮೆಯೂ ಅಳಿದೀತೆಂದು ಹೆದರಿ 1874ರಲ್ಲೇ ಡಾರ್ವಿನ್ ಮತ್ತು ಜೊತೆಗಾರರು ಮಾರಿಷಸ್ ಗವರ್ನರಿಗೆ ಪತ್ರ ಬರೆದಿದ್ದರು.

ಉತ್ತರದಲ್ಲಿರುವ ರೌಂಡ್ ಐಲ್ಯಾಂಡಿನ ಕತೆ ಬೇರೆ. ಗಿಡಗಳನ್ನು ಬೋಳು ಮಾಡುತ್ತಿದ್ದ ಆಡುಗಳನ್ನು 1979ರ ಹೊತ್ತಿಗೆ, ಮೊಲಗಳನ್ನು 1986ರಲ್ಲಿ ಪೂರ್ತಿ ತೆಗೆದರು. ಆಮೇಲೆ ದ್ವೀಪದ ಸ್ವಂತ ಗಿಡಗಳ ಜೊತೆ ಹೊರಗಿನ ಕಳೆಯೂ ಹಬ್ಬಿತು. 2007ರಲ್ಲಿ ಅಲ್ಲಿಗೂ ಆಮೆ ಬಂದವು. ನನಗೆ ತುಂಬ ಇಷ್ಟವಾದ ವಿಷಯ ಇಲ್ಲಿದೆ. ಈ ದ್ವೀಪಗಳ ಎಷ್ಟೋ ಗಿಡಗಳು ಎಳೆಯವಾಗಿದ್ದಾಗ ಒಂಥರಾ ಎಲೆ, ಎತ್ತರಕ್ಕೆ ಬೆಳೆದ ಮೇಲೆ ಇನ್ನೊಂಥರಾ ಎಲೆ ಬಿಡುತ್ತವೆ. ಕೆಳಗಿನ ಆ ಎಳೆ ಎಲೆ ಆಮೆಗೆ ಸೇರುವುದಿಲ್ಲ. ಆಮೆಯ ಜೊತೆ ಲಕ್ಷಾಂತರ ವರ್ಷ ಬಾಳಿದ ಗಿಡ ಕಲಿತ ಉಪಾಯ ಇದು ಎನ್ನುತ್ತಾರೆ. ಹೊರಗಿನ ಕಳೆಗೆ ಈ ಬುದ್ಧಿ ಎಲ್ಲಿಂದ ಬರಬೇಕು? ಆಮೆ ಅದನ್ನೇ ಜಾಸ್ತಿ ಮೇಯುತ್ತದೆ.

ಹಾಗಂತ ಹೊರಗಿನ ಪ್ರಾಣಿ ತಂದರೆಲ್ಲ ಒಳ್ಳೆಯದಾಗುತ್ತದೆ ಅಂತೇನಿಲ್ಲ. ಮಾರಿಷಸ್‌ಗೇ 1900ರ ಹೊತ್ತಿಗೆ ಇಲಿ ಹಿಡಿಯಲೆಂದು ಭಾರತದ ಕಡೆಯ ಮುಂಗುಸಿ ಹೋಯಿತು. ಅದು ಅಲ್ಲಿನ ಅಪರೂಪದ ಹಕ್ಕಿಗಳಿಗೂ ಬಾಯಿ ಹಾಕಿತು. ಆಮೆಯಲ್ಲಿ ಆ ಭಯ ಕಡಿಮೆ. ಅದು ಮರ ಹತ್ತೋಲ್ಲ, ಬೇಲಿ ಹಾರೋಲ್ಲ, ದಿಢೀರನೆ ಸಂಖ್ಯೆ ಹೆಚ್ಚಿಸಿಕೊಳ್ಳೋಲ್ಲ. ಎಡವಟ್ಟಾದರೆ ಹುಡುಕಿ ವಾಪಸ್ ಎತ್ತಿಕೊಂಡು ಬರಬಹುದು. ದೊಡ್ಡವನ್ನು ಎತ್ತೋಕೆ ನಾಲ್ಕಾರು ಜನ ಬೇಕು, ಅಷ್ಟೇ.

ಅಳಿದ ಜೀವಿಯ ಕೆಲಸ ಏನಿತ್ತು ಎಂದು ಸರಿಯಾಗಿ ಗೊತ್ತಿರಬೇಕು ಎನ್ನುವುದು ಇನ್ನೊಂದು ಷರತ್ತು. 1977ರಲ್ಲಿ ಸ್ಟ್ಯಾನ್ಲಿ ಟೆಂಪಲ್ ಎಂಬ ವಿಜ್ಞಾನಿ, ಮಾರಿಷಸ್‌ನ ತಂಬಲಕೋಕ್ ಮರದ ಬೀಜ ಮೊಳೆಯಲು ಡೋಡೊ ಹೊಟ್ಟೆಯೇ ಬೇಕಿತ್ತು ಎಂದು ವಾದಿಸಿ, ಟರ್ಕಿ ಕೋಳಿಗಳಿಗೆ ಆ ಬೀಜ ನುಂಗಿಸಿ ನೋಡಿದರು. ಕತೆ ಪ್ರಪಂಚವೆಲ್ಲ ಸುತ್ತಿತು. ಆದರೆ ಡೋಡೊ ಇಲ್ಲದೆಯೂ ಆ ಬೀಜ ಮೊಳೆಯುತ್ತದೆ ಎಂದು ಬೇರೆಯವರು ತೋರಿಸಿದರು.

2022ರಲ್ಲಿ ಮಧ್ಯಪ್ರದೇಶದ ಕುನೋಗೆ ನಮೀಬಿಯಾದಿಂದ ಚೀತಾಗಳು ಬಂದಾಗಲೂ ಈ ಚರ್ಚೆ ಎದ್ದಿತ್ತು. ನಮ್ಮಲ್ಲಿ ಅಳಿದದ್ದು ಏಷ್ಯಾದ ಚೀತಾ, ಬಂದದ್ದು ಆಫ್ರಿಕಾದ್ದು. ಒಂದೇ ಪ್ರಭೇದದ ಎರಡು ಉಪಪ್ರಭೇದಗಳಾದ್ದರಿಂದ ಇದನ್ನು ಪೂರ್ತಿ ಬದಲಿ ಎನ್ನಲಾಗದು. ಆದರೂ ಚಿರತೆಗಳಿರುವ ಕಾಡಿನಲ್ಲಿ ಚೀತಾ ಇಲ್ಲದೆ ನಿಂತುಹೋಗಿದ್ದ ಕೆಲಸ ಯಾವುದು ಎಂದು ಕೇಳಿದರೆ, ಎಬೊನಿ ಸಸಿಯಷ್ಟು ನೇರವಾದ ಉತ್ತರ ನನಗಂತೂ ಕಾಣುತ್ತಿಲ್ಲ.