ಕರಾರು ‘ರದ್ದಾಯಿತು’ ಎನ್ನುವ ಮೊದಲು

ಫ್ರೀಲಾನ್ಸ್ ಕೆಲಸ ನಡುವೆಯೇ ನಿಂತುಹೋದಾಗ ಬರುವ ಪತ್ರಗಳಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: ‘ಈ ಮೂಲಕ ಕರಾರನ್ನು ರದ್ದುಪಡಿಸಲಾಗಿದೆ.’ ಈಚೆಗೆ ನನಗೆ ಬಂದ ಅಂಥದೇ ಪತ್ರದಲ್ಲಿ ಅದರ ಬೆನ್ನಿಗೇ ಇನ್ನೊಂದು ಸಾಲಿತ್ತು: ‘ಕರಾರೇ ರದ್ದಾಗಿರುವುದರಿಂದ ಬಾಕಿ ಬಿಲ್ಲಿನ ಪ್ರಶ್ನೆ ಉದ್ಭವಿಸುವುದಿಲ್ಲ.’ ಅದು ಹನ್ನೆರಡು ಅಧ್ಯಾಯಗಳ ತರಬೇತಿ ಕೈಪಿಡಿಯೊಂದರ ಅನುವಾದ. ಏಳು ಅಧ್ಯಾಯಗಳನ್ನು ಮುಗಿಸಿ, ಅವರು ಸೂಚಿಸಿದ ತಿದ್ದುಪಡಿಗಳನ್ನೂ ಸೇರಿಸಿ ಒಪ್ಪಿಸಿದ್ದೆ. ಹಣ ಬಂದದ್ದು ಐದಕ್ಕೆ ಮಾತ್ರ. ಪತ್ರ ಬರೆದವರಿಗೆ ಮೋಸದ ಉದ್ದೇಶವಿತ್ತೆಂದು ನಾನು ಭಾವಿಸುವುದಿಲ್ಲ. ‘ರದ್ದು’ ಎಂಬ ಪದವೇ ಅವರನ್ನು ಆ ತೀರ್ಮಾನಕ್ಕೆ ಎಳೆದೊಯ್ದಿದೆ. ಇಂಥ ಪತ್ರ ನಾನು ನೋಡಿದ್ದು ಇದೇ ಮೊದಲಲ್ಲವಾದ್ದರಿಂದ ಈ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕೆನಿಸಿತು.

‘ರದ್ದು’ ಅರಬ್ಬಿಯ ‘ರದ್ದ್’ನಿಂದ ಬಂದದ್ದು, ಹಿಂದಕ್ಕೆ ತಳ್ಳುವುದು, ಮರಳಿಸುವುದು, ನಿರಾಕರಿಸುವುದು ಎಂದು ಅದರ ಅರ್ಥ. ತೂಕಕ್ಕೆ ಹಾಕುವ ‘ರದ್ದಿ’ ಕಾಗದವೂ ಇದೇ ಬೇರಿನದು. ‘ಕರಾರು’ ಕೂಡ ಅರಬ್ಬಿಯಿಂದಲೇ ಬಂದಿದೆ, ಆದರೆ ಅದರ ಮೂಲಾರ್ಥ ನೆಲೆಗೊಳ್ಳುವುದು, ಸ್ಥಿರವಾಗುವುದು. ‘ಕರಾರುವಾಕ್ಕಾಗಿ ಹೇಳು’ ಎನ್ನುವಾಗ ಆ ಗಟ್ಟಿತನ ಇಂದಿಗೂ ಕೇಳಿಸುತ್ತದೆ. ನೆಲೆನಿಂತ ಒಂದು ಮಾತನ್ನು ಆಡಿಯೇ ಇರಲಿಲ್ಲವೆಂಬಂತೆ ಹಿಂದಕ್ಕೆ ತಳ್ಳಿದರೆ ಅದು ರದ್ದು. ಹುಬ್ಬಳ್ಳಿಗೆ ಹೊರಡಬೇಕಿದ್ದ ರೈಲು ರದ್ದಾದರೆ ಟಿಕೆಟ್ಟಿನ ಹಣ ಮರಳುತ್ತದೆ, ಏಕೆಂದರೆ ಪ್ರಯಾಣವೇ ನಡೆದಿಲ್ಲ. ಅದೇ ರೈಲಿನಿಂದ ಅರಸೀಕೆರೆಯಲ್ಲಿ ಇಳಿದುಬಿಟ್ಟವನು ಪ್ರಯಾಣ ರದ್ದಾಯಿತು ಎನ್ನುವುದಿಲ್ಲ; ಅಲ್ಲಿಯವರೆಗಿನ ದಾರಿ ಸಾಗಿದೆ. 1955ರ ಹಿಂದೂ ವಿವಾಹ ಕಾಯಿದೆ ಈ ವ್ಯತ್ಯಾಸವನ್ನು ಬಹಳ ಎಚ್ಚರಿಕೆಯಿಂದ ಕಾಯ್ದುಕೊಂಡಿದೆ: ವಿವಾಹವನ್ನು ಶೂನ್ಯವೆಂದು ಸಾರುವುದಕ್ಕೆ 11 ಮತ್ತು 12ನೇ ಕಲಂಗಳು, ವಿಚ್ಛೇದನಕ್ಕೆ 13ನೇ ಕಲಂ. ಮನೆಮಾತಿನಲ್ಲಿಯೂ ಮದುವೆ ರದ್ದಾಯಿತು ಎಂದರೆ ತಾಳಿ ಕಟ್ಟುವ ಮೊದಲೇ ನಿಂತಿತು ಎಂದೇ ನಾವು ತಿಳಿಯುತ್ತೇವೆ. ಮದುವೆಯ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿರುವ ನಮ್ಮ ಭಾಷೆ ಕೆಲಸದ ಕರಾರಿನ ವಿಷಯಕ್ಕೆ ಬಂದಾಗ ಏಕೆ ಮಸುಕಾಗಬೇಕು?

1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಮೋಸ, ಬಲವಂತ, ತಪ್ಪು ನಿರೂಪಣೆಗಳಿಂದ ಒಪ್ಪಿಗೆ ಪಡೆದಿದ್ದರೆ ಮೋಸಹೋದವನು ಕರಾರನ್ನು ರದ್ದುಪಡಿಸಬಹುದು. ಆದರೆ ಹಾಗೆ ರದ್ದುಪಡಿಸಿದವನು ತಾನು ಪಡೆದ ಲಾಭವನ್ನು ಮರಳಿಸಬೇಕೆಂದು 64ನೇ ಕಲಂ ಹೇಳುತ್ತದೆ. ಆದ್ದರಿಂದ ರದ್ದು ಎಂಬ ಪದವನ್ನು ಅದರ ಪೂರ್ಣಾರ್ಥದಲ್ಲಿ ಹಿಡಿದರೂ ಕೆಲಸ ಇಟ್ಟುಕೊಂಡು ಹಣ ಕೊಡದಿರಲು ಅದು ದಾರಿಯಾಗುವುದಿಲ್ಲ. ನೋಟಿಸ್ ಕೊಟ್ಟು ಅವಧಿಗೆ ಮುನ್ನ ಕರಾರನ್ನು ಕೊನೆಗೊಳಿಸುವುದಂತೂ ಬೇರೆಯೇ ಕ್ರಿಯೆ. ಅದು ಮುಕ್ತಾಯ. ಮುಂದಿನ ಐದು ಅಧ್ಯಾಯಗಳ ಹೊಣೆ ಇಬ್ಬರಿಗೂ ತಪ್ಪುತ್ತದೆ. ಒಪ್ಪಿಸಿದ ಏಳು ಅಧ್ಯಾಯಗಳ ಹಣ, ಗೋಪ್ಯತೆಯ ಷರತ್ತು, ವ್ಯಾಜ್ಯ ತೀರ್ಮಾನದ ಷರತ್ತು ಇವೆಲ್ಲ ಉಳಿಯುತ್ತವೆ.

ಇನ್ನು ನೋಟಿಸ್. ಲ್ಯಾಟಿನ್ನಿನಲ್ಲಿ ‘ತಿಳಿದಿರುವುದು’ ಎಂಬ ಅರ್ಥದ ಪದದಿಂದ ಅದು ಹುಟ್ಟಿದೆ, ನಮ್ಮ ‘ತಿಳುವಳಿಕೆ ಪತ್ರ’ ಅದಕ್ಕೆ ಕೂದಲೆಳೆಯಷ್ಟೂ ತಪ್ಪದ ಸಾಟಿ. ತಿಳಿನೀರು ಎನ್ನುವಾಗಿನ ‘ತಿಳಿ’ಯೂ ಇದೇ ಮಾತು: ಕಲಕಿದ್ದು ತಳಕ್ಕಿಳಿದು ಎಲ್ಲವೂ ಕಾಣುವಂತಾಗುವುದು. ನೋಟಿಸ್ ಅವಧಿ ಇರುವುದು ಅದಕ್ಕಾಗಿಯೇ. ಅರ್ಧ ಆಗಿರುವ ಅಧ್ಯಾಯ ಯಾರದು, ಕಡತಗಳನ್ನು ಯಾವ ದಿನ ಒಪ್ಪಿಸಬೇಕು, ಕೊನೆಯ ಬಿಲ್ಲಿನ ಮೊತ್ತವೆಷ್ಟು ಎಂಬುದು ಆ ದಿನಗಳಲ್ಲಿ ತಿಳಿಯಾಗಬೇಕು. ‘ನೋಟಿಸ್ ಕೊಟ್ಟಾಯಿತಲ್ಲ’ ಎಂದು ಮರುದಿನದಿಂದಲೇ ಫೋನ್ ಎತ್ತದ ಗಿರಾಕಿಯೂ, ಅಂದಿನಿಂದಲೇ ಕೆಲಸ ಕೈಬಿಡುವ ಫ್ರೀಲಾನ್ಸರನೂ ಒಂದೇ ತಪ್ಪು ಮಾಡುತ್ತಾರೆ. ನೋಟಿಸಿನ ಕೊನೆಯ ದಿನ ಮುಗಿಯುವವರೆಗೆ ಕರಾರು ಪೂರ್ಣವಾಗಿ ಜೀವಂತವಾಗಿರುತ್ತದೆ.

ನೌಕರಿಯ ನೋಟಿಸನ್ನು ಇಲ್ಲಿಗೆ ತಂದು ಗಂಟುಹಾಕುವವರೂ ಇದ್ದಾರೆ. ಆರು ತಿಂಗಳು ಸತತ ದುಡಿದ ನೌಕರನನ್ನು ತೆಗೆಯಲು ಸಕಾರಣದ ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿನ ವೇತನ ಬೇಕೆಂದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಹೇಳುತ್ತದೆ. ಫ್ರೀಲಾನ್ಸರ್ ನೌಕರನಲ್ಲವಾದ್ದರಿಂದ ಅವನಿಗೆ ಆ ಆಸರೆ ಇಲ್ಲ. ನೋಟಿಸಿನ ಮಟ್ಟಿಗೆ ಅವನಿಗಿರುವುದು ತಾನು ಸಹಿ ಹಾಕಿದ ಕಾಗದವಷ್ಟೇ. ಆದ್ದರಿಂದಲೇ ಆ ಕಾಗದದಲ್ಲಿನ ದಿನಗಳ ಸಂಖ್ಯೆಯನ್ನು ಲಘುವಾಗಿ ಕಾಣಬಾರದು. ಇಂಡಿಯನ್ ಆಯಿಲ್ ಮತ್ತು ಅಮೃತಸರ ಗ್ಯಾಸ್ ಸರ್ವಿಸ್ ನಡುವಿನ ಮೊಕದ್ದಮೆಯಲ್ಲಿ, 30 ದಿನಗಳ ನೋಟಿಸಿನಿಂದ ಮುಗಿಸಬಹುದಾದ ವಿತರಣಾ ಕರಾರನ್ನು ತಪ್ಪಾಗಿ ಮುಗಿಸಿದ್ದಕ್ಕೆ ಸಿಗುವ ಪರಿಹಾರ ಆ 30 ದಿನಗಳ ಗಳಿಕೆ ಮಾತ್ರ ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ನಿಮ್ಮ ಕರಾರಿನಲ್ಲಿ ಏಳೇ ದಿನಗಳಿದ್ದರೆ, ಮುಂದಿನ ಕೆಲಸದ ಮಟ್ಟಿಗೆ ನೀವು ಕೇಳಬಹುದಾದದ್ದೂ ಹೆಚ್ಚುಕಡಿಮೆ ಅಷ್ಟೇ. ಮುಗಿದ ಕೆಲಸದ ಹಣ ಈ ಲೆಕ್ಕಕ್ಕೆ ಸೇರುವುದಿಲ್ಲ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಇರುವ ಸಣ್ಣ ಸೇವಾದಾರರಿಗೆ ಕೆಲಸ ಸ್ವೀಕರಿಸಿದ 45 ದಿನಗಳೊಳಗೆ ಹಣ ಕೊಡಬೇಕೆಂದೂ, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಬೇಕೆಂದೂ 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯಿದೆ ವಿಧಿಸಿದೆ.

ನನ್ನ ಕರಾರಿನಲ್ಲಿ 15 ದಿನಗಳ ನೋಟಿಸ್ ಇತ್ತು; ಪತ್ರ ಬಂದದ್ದು ಜೂನ್ 3ರಂದು. ರೂಢಿಯಂತೆ ನೋಟಿಸ್ ತಲುಪಿದ ದಿನವನ್ನು ಬಿಟ್ಟು ಎಣಿಸಿ ನಾನು ಹೀಗೆ ಉತ್ತರಿಸಿದೆ: ‘ಕರಾರು ಜೂನ್ 18ರಂದು ಮುಕ್ತಾಯಗೊಳ್ಳುತ್ತದೆ. ಅಲ್ಲಿಯವರೆಗೆ ಎಂಟನೆಯ ಅಧ್ಯಾಯದ ಕೆಲಸ ಮುಂದುವರಿಯಬೇಕೇ ಎಂದು ತಿಳಿಸಿ. ಆರು ಮತ್ತು ಏಳನೆಯ ಅಧ್ಯಾಯಗಳ ಬಿಲ್ಲನ್ನು ಮತ್ತೊಮ್ಮೆ ಲಗತ್ತಿಸಿದ್ದೇನೆ.’