ಲಗ್ನಪತ್ರಿಕೆ ಪೂರ್ತಿ ಬಳುಕುವ ಅಕ್ಷರದಲ್ಲೇ ಮಾಡಿಸಬಹುದಾ?

ಪ್ರಶ್ನೆ: ಮಗಳ ಮದುವೆ ಹಾಸನದಲ್ಲಿ. ಪತ್ರಿಕೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಬೇಕು. ಕೈಬರಹದ ಥರ ಬಳ್ಳಿಯಂತೆ ಸುತ್ತಿಕೊಳ್ಳುವ ಫಾಂಟ್ ಅವಳಿಗೆ ತುಂಬಾ ಇಷ್ಟ. ಮೊದಲಿಂದ ಕೊನೆವರೆಗೂ ಅದರಲ್ಲೇ ಮಾಡಿಸಬಹುದಾ? (ಆಲೂರಿನ ಒಬ್ಬ ತಾಯಿ)

ಹುಡುಗ ಹುಡುಗಿಯ ಹೆಸರಿಗೆ ಖಂಡಿತ ಹಾಕಿಸಿ ಅಮ್ಮ, ಲಕ್ಷಣವಾಗಿರುತ್ತದೆ. ಉಳಿದದ್ದಕ್ಕೆ ಬೇಡ. ಹಾಸನದಲ್ಲಿ ಡಿಟಿಪಿ ಕೆಲಸ ಮಾಡುತ್ತಾ ನೂರಾರು ಪತ್ರಿಕೆ ಜೋಡಿಸಿದ್ದೇನೆ, ಆ ಅನುಭವದಿಂದಲೇ ಹೇಳುತ್ತಿದ್ದೇನೆ.

ಇಂಗ್ಲಿಷಿನ ಈ ಫಾಂಟುಗಳಿಗೆ ಮೂಲ ಮೊನಚಾದ ನಿಬ್ಬು. ಕೆಳಕ್ಕೆ ಎಳೆಯುವಾಗ ಒತ್ತಿದರೆ ನಿಬ್ಬು ಬಾಯಿ ಬಿಟ್ಟು ಗೆರೆ ದಪ್ಪವಾಗುತ್ತದೆ. ಮೇಲಕ್ಕೆ ಹೋಗುವಾಗ ಕೂದಲೆಳೆಯಷ್ಟು ಸಣ್ಣ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಇಂಥ ಬರವಣಿಗೆಯನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕುತ್ತಿದ್ದರು. ಅದಕ್ಕೇ ಕಾಪರ್‌ಪ್ಲೇಟ್ ಎಂಬ ಹೆಸರು. 1960ರ ದಶಕದಲ್ಲಿ ಮ್ಯಾಥ್ಯೂ ಕಾರ್ಟರ್ ಮಾಡಿದ ಸ್ನೆಲ್ ರೌಂಡ್‌ಹ್ಯಾಂಡ್ ಫಾಂಟಿಗೆ ಚಾರ್ಲ್ಸ್ ಸ್ನೆಲ್ ಎಂಬ ಹಳೆಯ ಬರವಣಿಗೆ ಮೇಷ್ಟ್ರ ಅಕ್ಷರವೇ ಮಾದರಿ. ಇವುಗಳಲ್ಲಿ ದೊಡ್ಡಕ್ಷರಕ್ಕೆ ಉದ್ದನೆ ಬಾಲ, ಸುರುಳಿ ಇರುತ್ತದೆ. ಅದು ಹೆಸರಿನ ಮೊದಲಿಗೆ ಒಂದೇ ಬಂದರೆ ಚೆಂದ. ಇಡೀ ಹೆಸರನ್ನು ದೊಡ್ಡಕ್ಷರದಲ್ಲಿ ಹಾಕಿದರೆ ಸುರುಳಿಗೆ ಸುರುಳಿ ಸಿಕ್ಕಿಕೊಂಡು ಓದಲು ಬರುವುದಿಲ್ಲ. ಅಕ್ಷರಗಳ ನಡುವೆ ಜಾಗ ಬಿಡಿಸಲೂಬೇಡಿ. ಕೈ ಹಿಡಿದು ನಿಂತ ಅಕ್ಷರಗಳು ಅವು, ಎಳೆದರೆ ಕೊಂಡಿ ಕಳಚುತ್ತದೆ.

ಕನ್ನಡದ ಲೆಕ್ಕ ಬೇರೆ. ನಮ್ಮ ಅಕ್ಷರ ಪಕ್ಕದ್ದಕ್ಕೆ ಅಂಟಿಕೊಳ್ಳುವುದಿಲ್ಲ, ತನ್ನ ತಲೆಕಟ್ಟು ಹೊತ್ತು ತಾನೇ ನಿಲ್ಲುತ್ತದೆ. ಬೇಲೂರಿನಲ್ಲಿ ಮದನಿಕೆಯರ ಮೈಮೇಲಿನ ಒಡವೆ, ತಲೆಯ ಮೇಲಿನ ಬಳ್ಳಿ ನೋಡಿ ಕಣ್ಣು ತುಂಬಿಕೊಳ್ಳುತ್ತೇವೆ. ಕೆಳಗೆ ದಾಸೋಜ, ಚಾವಣರಂಥ ಶಿಲ್ಪಿಗಳು ತಮ್ಮ ಹೆಸರನ್ನೂ ಕೆತ್ತಿದ್ದಾರೆ. ಹೊಯ್ಸಳರ ಕಾಲದ ಅಕ್ಷರ ದುಂಡುದುಂಡಗೆ ಎಷ್ಟು ಚೆಂದ! ಕನ್ನಡದ ಬಳುಕು ಆ ದುಂಡಿನಲ್ಲೇ ಇದೆ. ಕೊಂಬು, ಗುಡಿಸು, ಒತ್ತಿನ ಬಾಲ ಸ್ವಲ್ಪ ಚಾಚಿದರೆ ಸಾಕು. ಇಂಗ್ಲಿಷಿನ ಹಾಗೆ ಬಗ್ಗಿಸಿ, ಒಂದಕ್ಕೊಂದು ಹೆಣೆದ ಕನ್ನಡ ಫಾಂಟ್ ನನಗಂತೂ ಹಿಡಿಸುವುದಿಲ್ಲ.

ಇನ್ನೊಂದು ವಿಷಯ ಒತ್ತಕ್ಷರ. ‘ಲಕ್ಷ್ಮಿ’ ಎಂದು ಬರೆದು ನೋಡಿ. ಕ-ಕ್ಕೆ ಷ-ದ ಒತ್ತು, ಅದಕ್ಕೂ ಮ-ದ ಒತ್ತು. ಅಲಂಕಾರದ ಫಾಂಟಿನಲ್ಲಿ ಈ ಬಾಲಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ಸಾಲಿನ ನಡುವೆ ಜಾಗ ಜಾಸ್ತಿ ಬಿಡಬೇಕು. ಅಜ್ಜ, ಅಜ್ಜಿ, ಸೋದರಮಾವ ಎಲ್ಲರ ಹೆಸರೂ ಬರಬೇಕಾದ ನಮ್ಮ ಪತ್ರಿಕೆಯಲ್ಲಿ ಅಷ್ಟು ಜಾಗ ಎಲ್ಲಿರುತ್ತದೆ? ಇನ್ನು ಹೊಟ್ಟೆ ಸೀಳುವ ಗೆರೆ ಸುರುಳಿಯಲ್ಲಿ ಮುಚ್ಚಿಹೋದರೆ ‘ಧಾರೆ’ ಹೋಗಿ ‘ದಾರೆ’ ಆಗುತ್ತದೆ.

ಅಂಕಿಯ ವಿಚಾರದಲ್ಲಿ ನನ್ನಿಂದಲೇ ಒಂದು ತಪ್ಪಾಗಿದೆ. ಇವತ್ತಿಗೂ ಅದು ಮನಸ್ಸಿನಲ್ಲಿದೆ. ಕನ್ನಡದ ೬ ಮತ್ತು ೯ ನೋಡಲು ಅಕ್ಕತಂಗಿಯರಂತೆ ಅಲ್ವಾ? ಒಂದು ಮದುವೆಗೆ ಮುಹೂರ್ತದ ಸಮಯವನ್ನೂ ಸುರುಳಿ ಅಕ್ಷರದಲ್ಲೇ ಹಾಕಿದ್ದೆ. ಆರೂವರೆಗೆ ಧಾರೆ. ದೂರದಿಂದ ಬಂದ ಕೆಲವರು ಒಂಬತ್ತೂವರೆ ಎಂದು ಓದಿಕೊಂಡಿದ್ದರು. ಅವರು ಛತ್ರಕ್ಕೆ ಬರುವಷ್ಟರಲ್ಲಿ ಧಾರೆ ಮುಗಿದಿತ್ತು. ಅಂದಿನಿಂದ ದಿನಾಂಕ, ಮುಹೂರ್ತ, ಛತ್ರದ ವಿಳಾಸ, ಫೋನ್ ನಂಬರ್ ಈ ನಾಲ್ಕನ್ನೂ ಯಾರು ಎಷ್ಟೇ ಕೇಳಿದರೂ ಅಲಂಕಾರದ ಫಾಂಟಿನಲ್ಲಿ ಹಾಕುವುದಿಲ್ಲ.

ಹಾಗಾದರೆ ಎಲ್ಲೆಲ್ಲಿ ಹಾಕಬಹುದು? ವಧೂವರರ ಹೆಸರು, ಮೇಲಿನ ‘ವಿವಾಹ ಮಹೋತ್ಸವ’, ಬೇಕಿದ್ದರೆ ಕವರಿನ ಮೇಲೆ ಒಂದು ಸಾಲು. ಮದುವೆ ಬಿಟ್ಟರೆ ಅಂಗಡಿ ಬೋರ್ಡಿನ ಹೆಸರು, ಕಾಫಿಪುಡಿ ಪ್ಯಾಕೆಟ್, ಸನ್ಮಾನ ಪತ್ರದಲ್ಲಿ ಸನ್ಮಾನಿತರ ಹೆಸರು. ಉಳಿದ ವಿವರಕ್ಕೆ ನೋಟೋ ಸೆರಿಫ್ ಕನ್ನಡ ಅಥವಾ ಟೈರೋ ಕನ್ನಡ ಕೇಳಿ. ಎರಡೂ ಉಚಿತ, ಎರಡೂ ಯೂನಿಕೋಡ್, ಅಂದರೆ ಮೊಬೈಲು, ಕಂಪ್ಯೂಟರು ಎಲ್ಲದಕ್ಕೂ ಒಂದೇ ಆದ ಅಕ್ಷರ ಪದ್ಧತಿಯವು.

ಅಲಂಕಾರದ ಕನ್ನಡ ಫಾಂಟುಗಳಲ್ಲಿ ಎಷ್ಟೋ ಯೂನಿಕೋಡ್‌ಗೆ ಮುಂಚಿನ ಕಾಲದವು. ವಾಟ್ಸಾಪಿನಲ್ಲಿ ನೀವು ಕಳಿಸಿದ ಹೆಸರುಗಳಿಗೆ ಅವನ್ನು ನೇರವಾಗಿ ಹಾಕಲು ಆಗುವುದಿಲ್ಲ. ಪರಿವರ್ತಿಸಬೇಕು ಇಲ್ಲವೇ ಮತ್ತೆ ಟೈಪ್ ಮಾಡಬೇಕು. ಅಲ್ಲೇ ತಪ್ಪು ನುಸುಳುವುದು. ಮರೂನ್ ಕಾರ್ಡಿನ ಮೇಲೆ ಚಿನ್ನದ ಬಣ್ಣ ಅಂದುಕೊಂಡಿದ್ದರೆ ತೀರಾ ತೆಳು ಗೆರೆಯ ಫಾಂಟ್ ಬೇಡ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಆ ಎಳೆ ಅಲ್ಲಲ್ಲಿ ಹರಿದುಹೋಗುತ್ತದೆ.

ಪ್ರೂಫನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಬೇಡಿ. ಕಾರ್ಡಿನ ಅಳತೆಯಲ್ಲೇ ಒಂದು ಪ್ರತಿ ತೆಗೆಸಿ, ಮನೆಯ ಹಿರಿಯರೊಬ್ಬರ ಕೈಗೆ ಕೊಟ್ಟು ಜೋರಾಗಿ ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಫಾಂಟ್ ಬದಲಿಸಲು ಹೇಳಿ. ಮಗಳ ಹೆಸರಿನ ಹತ್ತಿರ ಮಾತ್ರ ಅವರು ಸುಮ್ನೆ ಒಂದು ಗಳಿಗೆ ನಿಂತು ನೋಡಿದರೆ, ಆ ಫಾಂಟನ್ನು ಹಾಗೇ ಬಿಡಿ.